ಹಗುರವಾದ ಗೇರು

ನನ್ನ ಮೊಮ್ಮಗಳು ನೀಲಾ ಗದಗ ಜಿಲ್ಲೆಯ ಸೈಕಲ್ ತಂಡಕ್ಕೆ ಆಯ್ಕೆಯಾದಳು! ಲಕ್ಷ್ಮೇಶ್ವರದಲ್ಲಿ ಈ ಸುದ್ದಿ ಯಾರಿಗಾದರೂ ಗೊತ್ತಿಲ್ಲದಿದ್ದರೆ ಅದು ನನ್ನ ತಪ್ಪಲ್ಲ. ನಮ್ಮ ಹಿಟ್ಟಿನ ಗಿರಣಿಗೆ ಜೋಳ ತಂದವರಿಗೆಲ್ಲ ಹೇಳಿದ್ದೇನೆ. ಎರಡನೇ ಸಲ ಬಂದವರಿಗೆ ಎರಡನೇ ಸಲ ಹೇಳಿದ್ದೇನೆ. ಧಾರವಾಡ ಜಿಲ್ಲೆಯಲ್ಲೇ ಉಳಿದಿದ್ದರೆ ನಮ್ಮ ಪಾಳಿ ಬರುತ್ತಿತ್ತೇ? ಈ ಕೂಸಿಗೆಂದೇ ಸರ್ಕಾರ ಬೇರೆ ಜಿಲ್ಲೆ ಮಾಡಿತೆಂಬುದು ನನ್ನ ಖಚಿತ ಅಭಿಪ್ರಾಯ.

ಆ ಕೂಸು ಒಂದು ಸಂಜೆ ಬಂದು, "ಅಜ್ಜಾ, ಐತವಾರ ಮುಂಜಾನಿ ಶಿರಹಟ್ಟಿ ತನಕಾ ಪ್ರಾಕ್ಟೀಸಿಗೆ ಹೊಂಟೇನಿ. ಒಬ್ಬಾಕಿಗೇ ಬ್ಯಾಸರ. ನಿನ್ನ ರೇಸ್ ಸೈಕಲ್ ತಗೊಂಡು ಜೋಡಿ ಬಾ," ಅಂದಿತು.

ಇದಕ್ಕಿಂತ ದೊಡ್ಡ ಮಾತನ್ನು ನನಗೆ ಯಾರೂ ಆಡಿಲ್ಲ. ಹೆಂಡತಿಯೂ ಆಡಿಲ್ಲ.

ನನ್ನದು ಬಾಗಿದ ಹ್ಯಾಂಡಲ್ಲಿನ ಉಕ್ಕಿನ ಸೈಕಲ್ಲು, ಪ್ರಾಯದಲ್ಲಿ ಕೊಂಡದ್ದು. ಗೇರು ಬದಲಿಸುವ ಕಡ್ಡಿ ಎಂದೋ ಮುರಿದು, ಉಳಿದದ್ದು ಒಂದೇ ಗೇರು. ಉಳಿದಂತೆ ಸೈಕಲ್ಲಿಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ನನ್ನ ಮೊಣಕಾಲಿಗೆ. ಶಿರಹಟ್ಟಿ ದಾರಿಯಲ್ಲೋ ಒಂದು ಏರು ಇದೆ. ಆದ್ದರಿಂದ ಗೇರನ್ನು ಹಗುರ ಮಾಡಿಸತಕ್ಕದ್ದೆಂದು ತೀರ್ಮಾನಿಸಿದೆ.

ನಾನು ಶಾಲೆ ಹೆಚ್ಚು ಕಂಡವನಲ್ಲ. ಆದರೆ ಗಿರಣಿಯ ವಿದ್ಯೆ ಇದೆ. ಬೀಸುವ ಕಲ್ಲಿಗೆ ಬೆಲ್ಟು ಹಾಕುವ ಗಾಲಿ ದೊಡ್ಡದಾದಷ್ಟೂ ಮೋಟಾರಿಗೆ ಭಾರ ಕಡಿಮೆ. ಸೈಕಲ್ಲಿನಲ್ಲಿ ಮೋಟಾರು ಅಂದರೆ ನಾನು. ಹಿಂದೆ ದೊಡ್ಡ ಹಲ್ಲುಚಕ್ರ ಹಾಕಿದರೆ ಮುಗಿಯಿತು!

ಸೈಕಲ್ ಅಂಗಡಿಯ ಮೌಲಾಸಾಬ ಒಂದು ಚಕ್ರ ತೋರಿಸಿ, "ಇದು ಸಾಕ್ರಿ, ಕಾಕಾ," ಅಂದ.

"ಇದಕ್ಕಿಂತ ದೊಡ್ಡದು?"

"ಐತ್ರಿ."

"ಅದಕ್ಕಿಂತ?"

ಅವನು ಅಟ್ಟ ಹತ್ತಿ ಧೂಳು ಕೊಡವಿ ಒಂದನ್ನು ತಂದ. ಊಟದ ತಾಟಿನಷ್ಟಿತ್ತು.

"ಇದನ್ನ ಹಾಕಿದ್ರ ಗ್ವಾಡಿ ಬೇಕಾದ್ರೂ ಏರತೀರಿ. ಸಪಾಟ ರೋಡಿನ್ಯಾಗ ಏನಾಕ್ಕತೋ ನಾ ಹೇಳಾಂಗಿಲ್ಲ."

"ಹಾಕಪಾ. ಮುಂದಿನ ಹಲ್ಲುಚಕ್ರ ಇನ್ನೂ ಸಣ್ಣದು ಮಾಡು!"

ಐತವಾರ ಬಂತು. ನೀಲಾ ನಾಲ್ಕು ಸಲ ತುಳಿದು ಓಣಿ ದಾಟಿದಳು. ನಾನೂ ತುಳಿದೆ. ತುಳಿದೆ. ತುಳಿದೆ. ನಮ್ಮ ಮನೆಯ ಕಟ್ಟೆ ದಾಟಿದೆ.

ಕಾಲುಗಳು ಗಿರಣಿಯ ಬೆಲ್ಟಿನಂತೆ ತಿರುಗುತ್ತಿದ್ದವು. ಸೈಕಲ್ಲಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಊರ ಹೊರಗೆ ಮೇವಿನ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ನನ್ನ ಪಕ್ಕದಲ್ಲೇ ನಡೆಯತೊಡಗಿದಳು.

"ಯಾಕ್ರೀ ಯಜಮಾನ್ರ, ಯಾರರ ಬೆನ್ನ ಹತ್ಯಾರೇನು?"

"ಇಲ್ಲಬೇ ಯವ್ವಾ, ಮೊಮ್ಮಗಳ ಜೋಡಿ ಹೊಂಟೇನಿ. ಜಿಲ್ಲಾ ತಂಡಕ್ಕ ಆಯ್ಕೆ ಆಗ್ಯಾಳ!"

"ಹೌದ್ರಿ? ಎಲ್ಲಿ ಅದಾಳ?"

"ಮುಂದ."

ಆಕೆ ಮುಂದೆ ನೋಡಿದಳು. ದಾರಿಯ ಮೇಲೆ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಪಾಪ, ನನ್ನ ಮೊಮ್ಮಗಳ ಸಂಪೂರ್ಣ ಚರಿತ್ರೆ ಕೇಳಿಸಿಕೊಂಡು, "ಎಮ್ಮಿ ಹಸದಿರತೈತ್ರಿ, ನಾ ಜಲ್ದಿ ಹೋಗಬೇಕು. ನೀವು ಸಾವಕಾಶ ಬರ್ರಿ," ಎಂದು ನನ್ನನ್ನು ಹಿಂದೆ ಹಾಕಿ ಹೋಗಿಬಿಟ್ಟಳು!

ಕೊನೆಗೆ ಏರು ಬಂತು. ನನ್ನ ವಿದ್ಯೆ ಸುಳ್ಳಾಗಲಿಲ್ಲ. ಮೊಣಕಾಲು ಚಕಾರ ಎತ್ತಲಿಲ್ಲ. ಬೆಣ್ಣೆಯಲ್ಲಿ ಕಾಲಾಡಿಸಿದಷ್ಟು ಹಗುರ! ಆದರೆ ಸೈಕಲ್ಲು ನೆಟ್ಟಗೆ ನಿಲ್ಲಬೇಕಾದರೆ ಅದು ಒಂದಿಷ್ಟಾದರೂ ಮುಂದೆ ಹೋಗಬೇಕು. ಗಿರಣಿಗೆ ಆ ತಾಪತ್ರಯವಿಲ್ಲ. ನಾನು ಎಡಕ್ಕೆ ವಾಲಿದೆ. ಬಿದ್ದೆ. ಎಷ್ಟು ನಿಧಾನವಾಗಿ ಬಿದ್ದೆನೆಂದರೆ, ಮುಳ್ಳಿಲ್ಲದ ಜಾಗ ಆರಿಸಿಕೊಳ್ಳಲು ಪುರುಸೊತ್ತಿತ್ತು.

ಅಷ್ಟರಲ್ಲಿ ನೀಲಾ ಎದುರಿನಿಂದ ಬಂದಳು. ಶಿರಹಟ್ಟಿ ಮುಟ್ಟಿ ತಿರುಗಿಯೂ ಆಗಿತ್ತು.

"ಅಜ್ಜಾ! ಪೆಟ್ಟಾತೇನು?"

"ಇಲ್ಲ. ಗೇರು ಭಾಳ ಹಗುರ ಐತಿ."

ಅವಳು ತಾಟಿನಂಥ ಚಕ್ರ ನೋಡಿದಳು. ನನ್ನನ್ನು ನೋಡಿದಳು. ಹೊಟ್ಟೆ ಹಿಡಿದು ನಕ್ಕು ದಾರಿಯ ಬದಿಗೇ ಕುಳಿತಳು. ನಾನು ಸೈಕಲ್ಲನ್ನು ಎತ್ತಿ ನಿಲ್ಲಿಸುತ್ತ ಕೇಳಿದೆ.

"ಇನ್ನ ನನ್ನ ಕರಿಯಾಂಗಿಲ್ಲ, ಹೌದಿಲ್ಲ?"

"ಯಾಕ ಕರಿಯಾಂಗಿಲ್ಲ?" ಎಂದು ಕಣ್ಣೊರೆಸಿಕೊಂಡಳು. "ಮುಂದಿನ ಐತವಾರ ಗದಗ ತನಕಾ ಹೋಗೂದೈತಿ. ನೀ ಶನಿವಾರನ ಹೊಂಟುಬಿಡು!"

ನೋಡಿದಿರಾ, ಮತ್ತೆ ಕರೆದಳು! ಇಂದು ಶನಿವಾರ. ಗಿರಣಿಗೆ ಬೀಗ ಹಾಕಿ, ಟೋಪಿ ಇಟ್ಟುಕೊಂಡು ಸಿದ್ಧನಾಗಿದ್ದೇನೆ. ಹೆಂಡತಿ ರೊಟ್ಟಿಯ ಗಂಟು ಹ್ಯಾಂಡಲ್ಲಿಗೆ ಕಟ್ಟಿ, ಹಿಂದಿನ ಆ ತಾಟಿನಂಥ ಚಕ್ರವನ್ನು ಒಮ್ಮೆ ನೋಡಿ ಹೇಳಿದಳು:

"ಶುಕ್ರವಾರನ ಹೊಂಟಿದ್ರ ಮುಟ್ಟತಿದ್ರಿ."