ವಿಜ್ಞಾನಕ್ಕಾಗಿ ಕೂತವರು

ಹೆಂಡತಿ: ಕಡೇ ಸಲ ಕೇಳ್ತಿದೀನಿ. ಬಕೆಟ್ಟು ಹಿಡ್ಕೊಂಡು ಕೆಳಗೆ ಹೋಗ್ತೀರೋ ಇಲ್ವೋ?

ಗಂಡ: ಎಷ್ಟು ಸಲ ಕೇಳಿದರೂ ಉತ್ತರ ಒಂದೇ ಕಣೇ. ನಾನು ಎದ್ದರೆ ಸಂಶೋಧನೆ ಕೆಡುತ್ತೆ.

ಹೆಂಡತಿ: ನೀವು ಏಳದಿದ್ದರೆ ಮನೆ ಕೆಡುತ್ತೆ. ಮೋಟಾರು ಮತ್ತೆ ಸುಟ್ಟು ನಿನ್ನೆಯಿಂದ ಮೇಲಿನ ಟ್ಯಾಂಕಲ್ಲಿ ಹನಿ ನೀರಿಲ್ಲ. ಕೆಳಗೆ ನೋಡಿದರೆ ಸಂಪಿನ ತುಂಬ ನೀರಿದೆ.

ಗಂಡ: ಇರಲಿ ಬಿಡು. ಅದಾದರೂ ನೆಮ್ಮದಿಯಾಗಿ ಇದ್ದ ಕಡೆ ಇರಲಿ.

ಹೀಗೆಂದ ಮಹಾನುಭಾವರು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನ ಗುಮಾಸ್ತರು. ‘ಗೊತ್ತಿಲ್ಲ, ಪಕ್ಕದ ಕೌಂಟರಲ್ಲಿ ಕೇಳಿ’ ಎಂಬ ಒಂದೇ ವಾಕ್ಯವನ್ನು ನಂಬಿ ಇಷ್ಟು ವರ್ಷ ಸಂಸಾರ ಸಾಗಿಸಿದವರು. ಇವತ್ತು ವಾರದ ರಜೆ. ಬೆತ್ತದ ಕುರ್ಚಿಯಲ್ಲಿ, ಯುದ್ಧಕ್ಕೆ ಹೊರಟು ರಥದ ಗಾಲಿ ಹೂತುಹೋದ ವೀರನ ಹಾಗೆ ಕೂತಿದ್ದಾರೆ. ಸೊಂಟದ ಪಟ್ಟಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕರಿಯ ಯಂತ್ರವೊಂದಿದೆ. ಕೂತು ಕೆಲಸ ಮಾಡುವ ಜನ ದಿನವಿಡೀ ಎಷ್ಟು ಅಲ್ಲಾಡುತ್ತಾರೆ ಎಂದು ಕಂಡುಹಿಡಿಯಲು ವಿಶ್ವವಿದ್ಯಾಲಯದವರು ಕಟ್ಟಿಹೋದದ್ದು. ಅದನ್ನು ಬಿಚ್ಚಿಕೊಂಡು ಹೋಗಲು ಸಂಶೋಧಕಿ ಇವತ್ತು ಬರಬೇಕು.

ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವಳು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಪಕ್ಕದಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ. ಸಂಜೆಯೊಳಗೆ ಮುಗಿಸಿ ಕೊಡಬೇಕು. ಬೆಳಿಗ್ಗೆ ಅಡುಗೆಗೆಂದು ಎರಡು ಮಹಡಿ ಹತ್ತಿ ನೀರು ತಂದದ್ದಕ್ಕೆ ಅವಳ ಬಲಭುಜ ಈಗ ಹಠ ಹಿಡಿದಿದೆ.

ಹೆಂಡತಿ: ಆ ಹುಡುಗಿ ನಿಮಗೆ ಹೇಳಿದ್ದಾದರೂ ಏನು?

ಗಂಡ: ‘ಎಂದಿನ ಹಾಗೇ ಇರಿ ಸರ್, ಯಂತ್ರ ಇದೆ ಅಂತ ಏನನ್ನೂ ಬದಲಾಯಿಸಬೇಡಿ’ ಅಂತ. ನಾನು ಎಂದಿನ ಹಾಗೇ ಇದೀನಿ.

ಹೆಂಡತಿ: ಎಂದಿನ ಹಾಗೆ ಎಲ್ಲಿದೀರಿ? ಮುಂಚೆ ಪೇಪರು ತರೋಕಾದರೂ ಬೀದಿ ತುದಿವರೆಗೆ ಹೋಗ್ತಿದ್ರಿ.

ಗಂಡ: ಅದು ಮನಸ್ಸು ಬಂದಾಗ. ಮನಸ್ಸು ಬಂದಾಗ ಮಾಡೋದನ್ನ ಅಭ್ಯಾಸ ಅನ್ನಲ್ಲ, ಆವೇಶ ಅಂತಾರೆ.

ಹೆಂಡತಿ: ಊಟಕ್ಕೆ ಅಡುಗೆಮನೆವರೆಗೆ ಬರ್ತಿದ್ರಿ. ಈಗ ತಟ್ಟೆ ಕುರ್ಚಿಗೇ ಬರಬೇಕು.

ಗಂಡ: ತಟ್ಟೆ ಎಷ್ಟು ಬೇಕಾದರೂ ಓಡಾಡಲಿ. ತಟ್ಟೆಗೆ ಯಂತ್ರ ಕಟ್ಟಿಲ್ಲ.

ಹೆಂಡತಿ: ಹಾಗಾದರೆ ಅದನ್ನ ಬಿಚ್ಚಿಟ್ಟು ಹೋಗಿಬನ್ನಿ. ಯಾರಿಗೆ ಗೊತ್ತಾಗುತ್ತೆ?

ಗಂಡನ ಕೈ ಎದೆಯ ಮೇಲೆ ಹೋಯಿತು. ಕಣ್ಣು ಅರ್ಧ ಮುಚ್ಚಿತು. ಇಂಥ ಮಾತು ಕೇಳುವ ಬದಲು ಕಿವಿಯೇ ಇಲ್ಲದಿದ್ದರೆ ಚೆನ್ನಾಗಿತ್ತು ಎಂಬ ಮುಖ.

ಗಂಡ: ಮೋಸ ಮಾಡು ಅಂತೀಯಾ? ವಿಜ್ಞಾನಕ್ಕೆ? ಈ ಬಾಯಿಂದ, ಈ ಸೊಂಟದಿಂದ ಇವತ್ತಿನವರೆಗೆ ಒಂದು ಸುಳ್ಳು ಹೊರಟಿಲ್ಲ.

ಹೆಂಡತಿ: ಸೊಂಟದಿಂದ ಹೊರಟಿಲ್ಲ, ಒಪ್ಪಿದೆ. ಅದರಿಂದ ಏನೂ ಹೊರಟಿಲ್ಲ.

ಗಂಡ: ನಿನಗೆ ಇದರ ಗಾಂಭೀರ್ಯ ತಿಳಿಯಲ್ಲ. ನಾನು ಈಗ ಎದ್ದು ನೀರು ಹೊತ್ತೆ ಅಂತ ಇಟ್ಕೋ. ಯಂತ್ರ ಅದನ್ನ ಹಿಡ್ಕೊಳ್ಳುತ್ತೆ. ‘ಕೌಂಟರಿನ ಗುಮಾಸ್ತರು ನೀರು ಹೊರ್ತಾರೆ’ ಅಂತ ಅವರು ಬರೀತಾರೆ. ದೇಶದೇಶದ ಹೆಂಗಸರು ಅದನ್ನ ಓದಿ ಗಂಡಂದಿರ ಕೈಗೆ ಬಕೆಟ್ಟು ಕೊಡ್ತಾರೆ. ಎಷ್ಟು ಮನೆಗಳ ಶಾಂತಿ ನನ್ನ ಸೊಂಟದ ಮೇಲಿದೆ ಗೊತ್ತಾ?

ಹೆಂಡತಿ: ಸೊಂಟದ ಮೇಲಿರೋದು ಶಾಂತಿ ಅಲ್ಲ. ಏನು ಅಂತ ಅಳೆದು ಹೇಳ್ತೀನಿ, ತಡೀರಿ.

ಅವಳು ಕೊರಳಿನ ಟೇಪು ತೆಗೆದು ಕುರ್ಚಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

ಹೆಂಡತಿ: ಉಸಿರು ಬಿಡಿ.

ಗಂಡ: ಬಿಟ್ಟಿದೀನಿ.

ಹೆಂಡತಿ: ಈಗ ಹೊಟ್ಟೆ ಒಳಗೆ ಎಳ್ಕೊಳ್ಳಿ.

ಗಂಡ: ಎಳ್ಕೊಂಡಿದೀನಿ.

ಹೆಂಡತಿ: ಎರಡಕ್ಕೂ ವ್ಯತ್ಯಾಸವೇ ಇಲ್ವಲ್ರೀ! ನಿಮ್ಮ ಮದುವೆ ಕೋಟಿಗೆ ನಮ್ಮಪ್ಪ ಅಳತೆ ತಗೊಂಡದ್ದು ಇದೇ ಟೇಪಲ್ಲಿ. ಆಗ ಅರ್ಧ ಟೇಪು ಮಿಕ್ಕಿತ್ತು.

ಗಂಡ: ಹಳೇ ಟೇಪು. ಕುಗ್ಗಿಹೋಗಿದೆ.

ಹೆಂಡತಿ: ಟೇಪು ಕುಗ್ಗಿದೆ, ಕನ್ನಡಿ ಅಗಲ ಆಗಿದೆ, ಅಂಗಿ ಗುಂಡಿ ತಾವಾಗೇ ಕಿತ್ಕೊಂಡು ಹೋಗ್ತವೆ. ನೀವೊಬ್ಬರೇ ಇದ್ದ ಹಾಗೇ ಇದೀರಿ. ರಕ್ತದೊತ್ತಡ ನೋಡಿದ ಡಾಕ್ಟರು ಏನಂದ್ರು, ನೆನಪಿದೆಯಾ? ದಿನಾ ಒಂದಿಷ್ಟು ಕೈಕಾಲು ಆಡಿಸಿ ಅಂದ್ರು. ನಗ್ತಾ ಹೇಳಲಿಲ್ಲ ಅವರು. ನನಗೆ ಅವತ್ತಿಂದ ಎದೆ ಡವಡವ ಅಂತಿದೆ.

ಗಂಡ: ನೋಡಿದೆಯಾ, ಎದೆ ಹೊಡ್ಕೊಳ್ಳೋದು ನಿನ್ನದು. ನನ್ನದು ಶಾಂತವಾಗಿದೆ. ಯಾರಿಗೆ ಆರೋಗ್ಯ ಕೆಟ್ಟಿದೆ ನೀನೇ ಹೇಳು.

ಹೆಂಡತಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ಕೈಗೆ ತೆಗೆದುಕೊಂಡಳು. ಅವುಗಳಿಂದ ಅವಳು ಏನು ಮಾಡಬೇಕೆಂದಿದ್ದಳೋ ಲೋಕಕ್ಕೆ ತಿಳಿಯದೇ ಹೋಯಿತು. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ, ಹೆಗಲಿಗೆ ಚೀಲ ತಗುಲಿಸಿಕೊಂಡ ಸಂಶೋಧಕಿ ಏದುಸಿರು ಬಿಡುತ್ತಾ ನಿಂತಿದ್ದಾಳೆ.

ಗಂಡ: (ಪಿಸುಮಾತಿನಲ್ಲಿ) ನೋಡು, ಮೆಟ್ಟಿಲು ಹತ್ತಿದರೆ ಮನುಷ್ಯರಿಗೆ ಏನಾಗುತ್ತೆ ಅಂತ. (ಜೋರಾಗಿ) ಬಾಮ್ಮಾ, ಬಾ! ಕೂತ್ಕೋ!

ಸಂಶೋಧಕಿ: ನಮಸ್ಕಾರ ಸರ್. ಅಮ್ಮಾ, ನಿಮ್ಮನ್ನ ನೋಡಬೇಕು ಅಂತ ನನಗೆ ಎಷ್ಟು ಆಸೆ ಇತ್ತು ಗೊತ್ತಾ? ಎಂಥಾ ಪುಣ್ಯವಂತರು ನೀವು!

ಹೆಂಡತಿ ಒಮ್ಮೆ ಹಿಂದೆ ತಿರುಗಿ ನೋಡಿದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಹೆಂಡತಿ: ನನಗಾ ಹೇಳಿದ್ದು?

ಸಂಶೋಧಕಿ: ಇನ್ಯಾರಿಗಮ್ಮಾ? ಇಂಥ ಗಂಡ ಎಲ್ಲರಿಗೂ ಸಿಗ್ತಾರಾ? ಸರ್ ಅವತ್ತು ಕೌಂಟರಲ್ಲಿ ಎಲ್ಲ ಹೇಳಿದರು.

ಗಂಡ: (ಗಡಬಡಿಸಿ) ಲೇ, ಮೊದಲು ಆ ಮಗೂಗೆ ಟೀ ಮಾಡು ಹೋಗು. ಪಾಪ, ದಣಿದಿದ್ದಾಳೆ.

ಹೆಂಡತಿ: ಟೀಗೆ ನೀರೆಲ್ಲಿದೆ? ನೀನು ಹೇಳಮ್ಮಾ, ಕೇಳೋಣ. ಏನು ಹೇಳಿದರು?

ಸಂಶೋಧಕಿ: ಅವತ್ತು ನಾನು ಎಲ್ಲ ಕೌಂಟರಿನವರನ್ನೂ ಕೇಳ್ತಾ ಬಂದೆ, ದಿನಾ ಮನೇಲಿ ನೀವು ಏನೇನು ಮಾಡ್ತೀರಿ ಅಂತ. ಪಕ್ಕದ ಮುಂಗಡ ಟಿಕೆಟ್ಟಿನ ಗುಮಾಸ್ತರು, ‘ನಾನು ಬೆಳಿಗ್ಗೆ ಎದ್ದು ಓಡ್ತೀನಿ’ ಅಂದರು. ಆಗ ಸರ್ ಎದ್ದು ನಿಂತರು.

ಹೆಂಡತಿ: ಎದ್ದು ನಿಂತರಾ? ಇವರೇನಾ?

ಸಂಶೋಧಕಿ: ಹೌದಮ್ಮಾ! ‘ಓಡೋದು ಏನು ಮಹಾ, ಸುಮ್ಮನೆ ಓಡಿದರೆ ಯಾರಿಗೆ ಉಪಯೋಗ? ನಮ್ಮ ಮನೇಲಿ ಕಸ ಗುಡಿಸೋದು ನಾನು, ಬಟ್ಟೆ ಒಗೆಯೋದು ನಾನು. ಮೋಟಾರು ಕೆಟ್ಟರೆ ಎರಡು ಮಹಡಿ ನೀರು ಹೊರೋದೂ ನಾನೇ. ನನ್ನ ಹೆಂಡತೀನ ಕುರ್ಚಿಯಿಂದ ಏಳೋಕೇ ಬಿಡಲ್ಲ’ ಅಂದರು. ಕ್ಯೂನಲ್ಲಿ ನಿಂತಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿಬಿಟ್ಟರು. ನಮ್ಮ ಪ್ರೊಫೆಸರಿಗೆ ನಾನು ಹೇಳಿದೆ, ಪ್ರೊಫೆಸರು ಅವರ ಹೆಂಡತಿಗೆ ಹೇಳಿದರು. ಪಾಪ, ಈಗ ಪ್ರೊಫೆಸರೇ ಪೊರಕೆ ಹಿಡಿದಿದ್ದಾರೆ.

ಹೆಂಡತಿಯ ಮುಖದಲ್ಲಿ ಮೊದಲು ಗುಡುಗು ಕಾಣಿಸಿತು. ಆಮೇಲೆ ಮಿಂಚು. ಕೊನೆಗೆ ಒಂದು ತಿಳಿಯಾದ, ತಣ್ಣಗಿನ ನಗು. ಗುಡುಗನ್ನೂ ಮಿಂಚನ್ನೂ ಎಷ್ಟೋ ಸಲ ಎದುರಿಸಿ ಗೆದ್ದಿದ್ದ ಗಂಡ ಈ ನಗುವಿಗೆ ಮಾತ್ರ ಬೆವರಿದ.

ಗಂಡ: (ಕಣ್ಣಲ್ಲೇ ಅಂಗಲಾಚುತ್ತಾ) ಏನೇ… ನೀನೂ ಒಂದು ಮಾತು…

ಹೆಂಡತಿ: ನಾನೇನು ಹೇಳಲಿ? ಎಲ್ಲ ನೀವೇ ಹೇಳಿದೀರಲ್ಲ. ಹೌದಮ್ಮಾ, ನಾನು ಎದ್ದರೆ ಇವರಿಗೆ ಸಂಕಟ. ‘ಕೂತ್ಕೋ, ಕೂತ್ಕೋ’ ಅಂತ ಪ್ರಾಣ ತಿಂತಾರೆ.

ಸಂಶೋಧಕಿ ಗಂಡನ ಸೊಂಟದ ಯಂತ್ರ ಬಿಚ್ಚಿ, ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ನೋಡಿದಳು. ತಂತಿ ಕಿತ್ತು ಮತ್ತೆ ಜೋಡಿಸಿದಳು. ಕನ್ನಡಕ ಒರೆಸಿಕೊಂಡಳು.

ಸಂಶೋಧಕಿ: ಸರ್, ಇದನ್ನ ಗೂಟಕ್ಕೆ ನೇತುಹಾಕಿದ್ರಾ?

ಗಂಡ: ಇಲ್ವಲ್ಲಮ್ಮಾ! ಸೊಂಟ ಬಿಟ್ಟು ಇಳಿದಿಲ್ಲ ಅದು.

ಸಂಶೋಧಕಿ: ಅಲ್ಲ, ಗೂಟಕ್ಕೆ ಹಾಕಿದರೂ ಗಾಳಿಗೆ ಸ್ವಲ್ಪ ಅಲ್ಲಾಡುತ್ತೆ. ಕೆಲಸಕ್ಕೆ ಹೋಗಿಬರೋ ಹೊತ್ತು ಬಿಟ್ಟರೆ ಇದು ಗೆರೆ ಎಳೆದ ಹಾಗೆ ನೆಟ್ಟಗಿದೆ. ದಿನಾ ಮಧ್ಯಾಹ್ನ ಮಾತ್ರ ಒಂದೇ ಸಮನೆ ಚೂರು ಚೂರು ನಡುಗಿದೆ.

ಹೆಂಡತಿ: (ಸೂಜಿಗೆ ದಾರ ಪೋಣಿಸುತ್ತಾ, ತನಗೆ ತಾನೇ) ಗೊರಕೆ.

ಸಂಶೋಧಕಿ: ಹಾಂ, ಇಲ್ಲಿ ಒಂದೇ ಒಂದು ದೊಡ್ಡ ಏರಿಕೆ ಇದೆ! ಹೋದ ಗುರುವಾರ ಸಂಜೆ. ಏನು ಮಾಡ್ತಿದ್ರಿ ಸರ್?

ಗಂಡ: ಗುರುವಾರ… ಅದು… ಮೆಟ್ಟಿಲು ತೊಳೀತಿದ್ದೆ.

ಹೆಂಡತಿ: (ಮತ್ತೆ ತನಗೆ ತಾನೇ) ಮೈಮೇಲೆ ಜಿರಳೆ ಹತ್ತಿತ್ತು.

ಸಂಶೋಧಕಿ: ನನಗೆ ಅರ್ಥ ಆಗ್ತಿಲ್ಲ ಸರ್. ಒಂದೋ ಯಂತ್ರ ಕೆಟ್ಟಿರಬೇಕು. ಇಲ್ಲಾಂದರೆ ನೀವು ಅವತ್ತು ಹೇಳಿದ್ದರಲ್ಲಿ ಏನಾದರೂ…

ಹೊಲಿಗೆ ಯಂತ್ರವೂ ಉಸಿರು ಹಿಡಿಯಿತು. ಒಂದು ಕಡೆ ಸತ್ಯ. ಇನ್ನೊಂದು ಕಡೆ ಪಕ್ಕದ ಕೌಂಟರಿನ ಗುಮಾಸ್ತನ ನಗುಮುಖ, ಕ್ಯೂನಲ್ಲಿ ನಿಂತ ಹೆಂಗಸರು, ಪೊರಕೆ ಹಿಡಿದ ಪ್ರೊಫೆಸರು. ಈ ಬಾಯಿಂದ ಇವತ್ತಿನವರೆಗೆ ಒಂದು ಸುಳ್ಳೂ ಹೊರಡಿಸದ ನಮ್ಮ ವೀರರು ಗಂಟಲು ಸರಿಮಾಡಿಕೊಂಡರು.

ಗಂಡ: ಯಂತ್ರ ಕೆಟ್ಟಿದೆಯಮ್ಮಾ. ನನಗೆ ಮೊದಲ ದಿನವೇ ಅನುಮಾನ ಬಂತು.

ಹೆಂಡತಿ: ಕುಗ್ಗಿರಬೇಕು.

ಸಂಶೋಧಕಿ: ಅಬ್ಬಾ, ಹೋದ ಜೀವ ಬಂತು! ಚಿಂತೆ ಇಲ್ಲ ಸರ್. ಚೀಲದಲ್ಲಿ ಹೊಸದಿದೆ. ಹೇಗೂ ಎರಡನೇ ಸುತ್ತು ಶುರು ಮಾಡಬೇಕಿತ್ತು. ಇದು ಸ್ವಲ್ಪ ಉದ್ದ, ಎರಡು ತಿಂಗಳು. ನೀವು ಏನೂ ಮಾಡಬೇಕಾಗಿಲ್ಲ, ಎಂದಿನ ಹಾಗೇ ಇರಿ.

ಗಂಡ: (ಆಸೆಯಿಂದ) ಎಂದಿನ ಹಾಗೆ ಅಂದರೆ… ಇದ್ದ ಹಾಗಾ, ಹೇಳಿದ ಹಾಗಾ?

ಸಂಶೋಧಕಿ: ಎರಡೂ ಒಂದೇ ಅಲ್ವಾ ಸರ್?

ಗಂಡ: ಒಂದೇ, ಒಂದೇ.

ಸಂಶೋಧಕಿ: (ಹೊಸ ಯಂತ್ರವನ್ನು ಅವನ ಸೊಂಟಕ್ಕೆ ಕಟ್ಟುತ್ತಾ) ಈಗ ನೀರು ತರೋ ಹೊತ್ತಾಗಿತ್ತೇನೋ, ನಾನು ಬಂದು ಅಡ್ಡಿ ಮಾಡಿದೆ. ಒಂದು ಸಲ ಹೋಗಿಬನ್ನಿ. ಯಂತ್ರ ಸರಿಯಾಗಿ ಹಿಡಿಯುತ್ತೋ ಇಲ್ವೋ ನೋಡಿಬಿಡ್ತೀನಿ.

ಹೆಂಡತಿ ಎರಡೂ ಬಕೆಟ್ಟುಗಳನ್ನು ಎಡಗೈಯಲ್ಲಿ ಎತ್ತಿ, ಬಹುಮಾನ ವಿತರಣೆಯ ಸಮಾರಂಭದಲ್ಲಿ ಕೊಡುವಂತೆ ಕೊಟ್ಟಳು. ಬೆತ್ತದ ಕುರ್ಚಿ ಕಿರ್‍ರೆಂದಿತು; ಅದು ಬಿಡುಗಡೆಯ ನಿಟ್ಟುಸಿರೋ ಅಗಲಿಕೆಯ ದುಃಖವೋ ಹೇಳುವುದು ಕಷ್ಟ. ಗಂಡ ಬಾಗಿಲು ದಾಟಿದ. ಬಕೆಟ್ಟುಗಳ ಸದ್ದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು.

ಹೆಂಡತಿ: ಈಗ ಹೇಳಮ್ಮಾ. ಯಂತ್ರ ಕೆಟ್ಟಿತ್ತಾ?

ಸಂಶೋಧಕಿ: (ನಗು ತಡೆಯುತ್ತಾ) ಗಡಿಯಾರದ ಹಾಗೆ ನಡೀತಿದೆ ಅಮ್ಮಾ.

ಹೆಂಡತಿ: ಮತ್ತೆ ಗೊತ್ತಿದ್ದೂ ಸುಮ್ಮನಿದ್ದೆಯಲ್ಲ!

ಸಂಶೋಧಕಿ: ನಮ್ಮ ಸಂಶೋಧನೆ ವಿಷಯವೇ ಅದು. ಜನ ತಾವು ಮಾಡ್ತೀವಿ ಅಂತ ಹೇಳೋದಕ್ಕೂ ಯಂತ್ರ ಹೇಳೋದಕ್ಕೂ ಎಷ್ಟು ದೂರ ಅಂತ ನೋಡೋದು. ಎಲ್ಲರೂ ಅಷ್ಟಿಷ್ಟು ಕೂಡಿಸಿ ಹೇಳ್ತಾರೆ. ಆದರೆ ಸರ್ ಕೊಟ್ಟಷ್ಟು ದೂರ ಇನ್ನೂ ಯಾರೂ ಕೊಟ್ಟಿಲ್ಲ. ಪ್ರೊಫೆಸರು ಕುಣಿದಾಡಿಬಿಡ್ತಾರೆ.

ಹೆಂಡತಿ: ಪೊರಕೆ ಕೆಳಗಿಟ್ಟು ಕುಣೀಲಿ. ಮತ್ತೆ ಆ ಎರಡನೇ ಸುತ್ತು?

ಸಂಶೋಧಕಿ: ಹೇಳಿದ್ದನ್ನೇ ನಿಜವಾಗಿ ಮಾಡೋಕೆ ಶುರು ಮಾಡಿದರೆ ರಕ್ತದೊತ್ತಡ ಎಷ್ಟು ಇಳಿಯುತ್ತೆ ಅಂತ ನೋಡೋದು.

ಡಾಕ್ಟರ ಮಾತು ಕೇಳಿದಾಗಿನಿಂದ ಡವಡವ ಎನ್ನುತ್ತಿದ್ದ ಹೆಂಡತಿಯ ಎದೆ ಎಷ್ಟೋ ದಿನಗಳ ಮೇಲೆ ತಣ್ಣಗಾಯಿತು. ಸೆರಗಿನ ತುದಿಯಿಂದ ಕಣ್ಣಿನ ಮೂಲೆ ಒತ್ತಿಕೊಂಡು, ಧೂಳು ಎಂದಳು.

ಹೆಂಡತಿ: ಎರಡೇ ತಿಂಗಳಾ? ಒಂದೆರಡು ವರ್ಷ ಮಾಡೋಕಾಗಲ್ವಾ?

ಸಂಶೋಧಕಿ: ಕೇಳಿ ನೋಡ್ತೀನಿ. ಅಂದಹಾಗೆ ಅಮ್ಮಾ, ಮನೆಯವರು ಕೆಲಸ ಹಂಚಿಕೊಂಡರೆ ಹೆಂಡತಿ ಆರೋಗ್ಯಕ್ಕೆ ಏನಾಗುತ್ತೆ ಅಂತಲೂ ನೋಡಬೇಕು. ನಿಮಗೂ ಒಂದು ಕಟ್ಟಲಾ?

ಹೆಂಡತಿ: ಕಟ್ಟು. ನಾನೇನು ಮಾಡಬೇಕು?

ಸಂಶೋಧಕಿ: ಸರ್ ಹೇಳಿದ ಹಾಗೆ ಇದ್ದರೆ ಸಾಕು.

ಸಂಶೋಧಕಿ ಯಂತ್ರ ಕಟ್ಟಿ, ಚೀಲ ಹೆಗಲಿಗೇರಿಸಿ ಹೊರಟಳು. ಮೆಟ್ಟಿಲಿನಲ್ಲಿ ಎದುರಾದ ಗಂಡನಿಗೆ ‘ಚೆನ್ನಾಗಿ ಹಿಡೀತಿದೆ ಸರ್!’ ಎಂದು ಕೂಗಿ ಹೇಳಿದ್ದು ಮೇಲಿನವರೆಗೂ ಕೇಳಿಸಿತು. ಹೆಂಡತಿ ಬೆತ್ತದ ಕುರ್ಚಿಯನ್ನು ಹೊಲಿಗೆ ಯಂತ್ರದ ಮುಂದೆ ಎಳೆದುಕೊಂಡು, ಬೆನ್ನು ಆನಿಸಿ, ಸೊಂಟದ ಕರಿಯ ಪೆಟ್ಟಿಗೆಯನ್ನು ಒಮ್ಮೆ ಸವರಿ, ಸಮವಸ್ತ್ರದ ರಾಶಿಗೆ ಕೈಹಾಕಿದಳು.

ಗಂಡ ಒಳಗೆ ಬಂದ. ಅರ್ಧ ನೀರು ಬಕೆಟ್ಟಿನಲ್ಲಿತ್ತು, ಅರ್ಧ ಅವನ ಪ್ಯಾಂಟಿನಲ್ಲಿತ್ತು. ಹಂಡೆಗೆ ಸುರಿದು, ಮತ್ತೆ ಇಳಿದು, ಮತ್ತೆ ಹತ್ತಿ, ಮತ್ತೆ ಸುರಿದ. ಕೊನೆಗೆ ಬಾಗಿಲ ಚೌಕಟ್ಟು ಹಿಡಿದು ನಿಂತ.

ಗಂಡ: ಏನೇ… ಆ ಕುರ್ಚಿ…

ಹೆಂಡತಿ: ನಾನು ಏಳೋ ಹಾಗಿಲ್ಲ ಕಣ್ರೀ. ಸಂಶೋಧನೆ ಕೆಡುತ್ತೆ.

ಗಂಡ: (ನಿಟ್ಟುಸಿರು ಬಿಟ್ಟು) ಅದಿರಲಿ. ಹಂಡೆ ತುಂಬೋಕೆ ಇನ್ನೂ ಎಷ್ಟು ಬಕೆಟ್ಟು ಬೇಕು, ಅದನ್ನಾದರೂ ಹೇಳು.

ಹೆಂಡತಿ ಹೊಲಿಗೆಯಿಂದ ತಲೆ ಎತ್ತಲಿಲ್ಲ.

ಹೆಂಡತಿ: ಗೊತ್ತಿಲ್ಲ. ಪಕ್ಕದ ಕೌಂಟರಲ್ಲಿ ಕೇಳಿ.