ಕೋರಮಂಡಲ್‌ನಲ್ಲಿ ಕಾಣೆಯಾದ ಕೊಬ್ಬು

ಮನುಷ್ಯನ ಮೈಕೊಬ್ಬು ಸರ್ಕಾರಿ ಸ್ವತ್ತಾಗಬಲ್ಲದು ಎಂಬುದು ಬಂಗಾರಪೇಟೆ ಬಳಿಯ ಕೋರಮಂಡಲ್‌ನ ಚಯಾಪಚಯ ಸಂಶೋಧನಾ ಕೇಂದ್ರದಲ್ಲಿ ಈಗ ನಿರ್ವಿವಾದ ಸಂಗತಿ.

ಕೇಂದ್ರದ ಹಿರಿಯ ವಿಜ್ಞಾನಿ ಡಾ. ರಾಧಾಮಣಿ ತಮ್ಮ ವೃತ್ತಿಜೀವನವನ್ನೆಲ್ಲ ಒಂದೇ ಪ್ರಶ್ನೆಗೆ ಮುಡಿಪಿಟ್ಟವರು: ಮೈಯಲ್ಲಿ ಕೊಬ್ಬು ಹೇಗೆ ಕೂಡುತ್ತದೆ, ಹೇಗೆ ಕರಗುತ್ತದೆ? ಇಲಿ, ಮೊಲಗಳನ್ನು ದಾಟಿ ಅವರು ಕಡೆಗೆ ಮನುಷ್ಯರ ತನಕ ಬಂದಾಗ, ಹತ್ತಿರದ ಕಾಮಸಮುದ್ರ ಹಳ್ಳಿಯಲ್ಲಿ ಹಸು ಸಾಕಿಕೊಂಡಿದ್ದ ಮುತ್ಯಾಲಮ್ಮ ಪ್ರಯೋಗಕ್ಕೆ ಒಪ್ಪಿದರು. ಆಕೆಗೆ ಮಂಡಿನೋವು. ಕೂತರೆ ಏಳಲಾಗದು, ಹಾಲು ಕರೆಯಲಾಗದು. ಒಂದು ವರ್ಷ ರಾಧಾಮಣಿ ಹೇಳಿದಂತೆ ಉಂಡು, ನಡೆದು, ಹನ್ನೊಂದು ಕೆ.ಜಿ. ಇಳಿದರು. ಕೊನೆಯ ದಿನ ಕೇಂದ್ರದ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು, ಎದ್ದು ತೋರಿಸಿದರು. ರಾಧಾಮಣಿ ಕಣ್ಣೊರೆಸಿಕೊಂಡರು.

ಆ ವಾರವೇ ಲೆಕ್ಕ ತಪಾಸಣೆಗೆ ಜಯರಾಮಪ್ಪನವರು ಬಂದರು. ಕೇಂದ್ರದೊಳಗೆ ಮೊದಲ ಸಲ ಬರುವ ಯಾರನ್ನೇ ಆಗಲಿ ತೂಗುವುದು ನಿಯಮವಾದ್ದರಿಂದ ಅವರನ್ನೂ ತೂಗಿ ಒಳಗೆ ಬಿಡಲಾಯಿತು. ಅವರು ಮುತ್ಯಾಲಮ್ಮನ ತೂಕದ ಪಟ್ಟಿಯ ಮೇಲೆ ಬೆರಳಿಟ್ಟರು.

"ಈಯಮ್ಮನ ತೂಕ ಕೇಂದ್ರದ ದಾಸ್ತಾನಿಗೆ ಸೇರಿದೆ. ಈಗ ಹನ್ನೊಂದು ಕೆ.ಜಿ. ಕಮ್ಮಿ. ಎಲ್ಲಿ ಮೇಡಂ?"

"ಉಸಿರಾಗಿ ಹೋಯ್ತು ಸರ್. ಕರಗಿದ ಕೊಬ್ಬು ಬಹುಪಾಲು ಮೂಗಿನಿಂದಲೇ ಗಾಳಿಗೆ ಸೇರುತ್ತೆ. ಮಿಕ್ಕಿದ್ದು ನೀರು."

"ಯಾರ ಅನುಮತಿ ಪಡೆದು?"

ಸರ್ಕಾರಿ ಸ್ವತ್ತನ್ನು ಟೆಂಡರ್ ಕರೆಯದೆ ಗಾಳಿಗೆ ಬಿಟ್ಟಿರುವುದು ಗಂಭೀರ ಲೋಪವೆಂದೂ, ಕೊರತೆ ಭರ್ತಿಯಾಗುವ ತನಕ ಫಲಿತಾಂಶ ಪ್ರಕಟಿಸಕೂಡದೆಂದೂ ಆದೇಶವಾಯಿತು. ರಾಧಾಮಣಿಯವರ ಜೀವಮಾನದ ದುಡಿಮೆ ಬೀರು ಸೇರಿತು. ಕೊಬ್ಬನ್ನು ಯಥಾಸ್ಥಿತಿಗೆ ತರುವಂತೆ ಮುತ್ಯಾಲಮ್ಮನನ್ನು ಕರೆಸಿ ಸೂಚಿಸಲಾಯಿತು.

"ಅದೆಂಗಾಗ್ತದೆ ಸಾ? ಮಂಡಿನೋವು ಓಗೈತೆ. ನಾನೇ ಕೂತ್ಕೊಂಡು ಆಲು ಕರೀತೀನಿ. ನಿಮ್ಗೆ ಅಷ್ಟು ಬೇಕಂದ್ರೆ ನೀವೇ ಬೆಳೆಸ್ಕಳ್ಳಿ," ಎಂದು ಆಕೆ ಬಸ್ಸಿಗೆ ಹೊರಟರು.

ತಪಾಸಣೆ ಮುಂದುವರಿಯಿತು. ಜಯರಾಮಪ್ಪನವರು ಬಂಗಾರಪೇಟೆಯ ಲಾಡ್ಜಿನಲ್ಲಿ ತಂಗಿ, ತಿಂಗಳುಗಟ್ಟಲೆ ಸಂಜೆಯ ಹೊತ್ತನ್ನು ಪಾನಿಪೂರಿ ಅಂಗಡಿಗಳಲ್ಲಿ ಕಳೆದರು. ಒಂದು ಬೆಳಿಗ್ಗೆ ಅವರು ಕೊಬ್ಬಿನ ಕೊರತೆಯ ಆಕ್ಷೇಪಣೆಯನ್ನು ಓದುತ್ತಿರುವಾಗಲೇ ಅಂಗಿಯ ಗುಂಡಿ ಸಿಡಿದು ರಾಧಾಮಣಿಯವರ ಮೇಜಿನ ಮೇಲೆ ಬಿತ್ತು.

ರಾಧಾಮಣಿ ಗುಂಡಿಯನ್ನೂ ಹೊಟ್ಟೆಯನ್ನೂ ನೋಡಿದರು. "ಸರ್, ದಯವಿಟ್ಟು ಒಂದ್ನಿಮಿಷ ತೂಕದ ಯಂತ್ರ ಹತ್ತಿ."

ಬಂದ ದಿನಕ್ಕಿಂತ ಹನ್ನೊಂದು ಕೆ.ಜಿ. ಹೆಚ್ಚಿತ್ತು.

"ಸಿಕ್ತು ಸರ್!"

"ಇದು ಅದೇ ಕೊಬ್ಬು ಅಂತ ಏನು ಖಾತ್ರಿ?"

"ಮುತ್ಯಾಲಮ್ಮನ ಉಸಿರು ಗಾಳಿ ಸೇರ್ತು. ಆ ಗಾಳೀನ ಆಲೂಗಡ್ಡೆ ಗಿಡ ಹೀರ್ಕೊಳ್ತು. ಆಲೂಗಡ್ಡೆ ಪಾನಿಪೂರಿಗೆ ಹೋಯ್ತು. ಪಾನಿಪೂರಿ..."

"ಸಾಕು ಮೇಡಂ," ಎಂದ ಜಯರಾಮಪ್ಪನವರು ಹೊಟ್ಟೆಯ ಮೇಲೆ ಗೌರವದಿಂದ ಕೈಯಿಟ್ಟುಕೊಂಡರು.

ಆಕ್ಷೇಪಣೆ ಅಂದೇ ಮುಕ್ತಾಯವಾಯಿತು. ರಾಧಾಮಣಿಯವರ ಪ್ರಬಂಧ ಪ್ರಕಟವಾಗಿ ಎಲ್ಲೆಡೆ ಹೆಸರಾಯಿತು. ಜಯರಾಮಪ್ಪನವರನ್ನು ಸದರಿ ಕೊಬ್ಬಿನ ಪಾಲಕರನ್ನಾಗಿ ನೇಮಿಸಿ, ಕೇಂದ್ರದ ಪೂರ್ವಾನುಮತಿಯಿಲ್ಲದೆ ಅವರು ಓಡುವುದು, ಬೆವರುವುದು, ಭಾರ ಎತ್ತುವುದನ್ನು ನಿಷೇಧಿಸಲಾಯಿತು. ಮೆಟ್ಟಿಲು ಹತ್ತುವಂತಿಲ್ಲವಾದ್ದರಿಂದ ಅವರ ಕಚೇರಿ ಪೂರ್ತಿ ನೆಲಮಹಡಿಗೆ ಇಳಿದಿದ್ದು, ಸಿಬ್ಬಂದಿಯೆಲ್ಲ ಹರ್ಷ ವ್ಯಕ್ತಪಡಿಸಿದ್ದಾರೆ.

ಪಾಲಕರಾದ ಮೇಲೆ ಅವರು ಬಾಡಿಗೆಗೆ ಹಿಡಿದಿರುವ ರಾಬರ್ಟ್‌ಸನ್‌ಪೇಟೆಯ ಮನೆಯಲ್ಲಿ ಗ್ಯಾಸ್ ಸಿಲಿಂಡರನ್ನು ಗಂಡನಿಂದ ಎತ್ತಿಸಲು ಅನುಮತಿ ಕೋರಿ ಅವರ ಪತ್ನಿ ಸುಮಲತ ಸಲ್ಲಿಸಿರುವ ಅರ್ಜಿ ಪರಿಶೀಲನೆಯಲ್ಲಿದೆ. ಅಲ್ಲಿಯ ತನಕ ಸಿಲಿಂಡರನ್ನು ಸುಮಲತ ಅವರೇ ಉರುಳಿಸಿಕೊಂಡು ಹೋಗುತ್ತಾರೆ. ಬಾಗಿಲು ತೆರೆದು ಹಿಡಿದುಕೊಳ್ಳಲು ಜಯರಾಮಪ್ಪನವರಿಗೆ ತಾತ್ಕಾಲಿಕ ಅನುಮತಿ ದೊರೆತಿದೆ.