ಪೈಪಣ್ಣ ಬಿಡಿಸಿದ ಆರು ಮನುಷ್ಯರು

ಕಂಡವರ ವಿಷಯದಲ್ಲಿ ಮೂಗು ತೂರಿಸಬಾರದು ಅನ್ನುತ್ತಾರೆ. ಪೈಪಣ್ಣ ತೂರಿಸಲಿಲ್ಲ, ಬರೆದ. ಅಷ್ಟಕ್ಕೇ ಸಿಕ್ಕಿಬಿದ್ದ.

ಕಾರ್ಖಾನೆಯ ಕಚೇರಿಯಲ್ಲಿ, ಮೆಟ್ಟಿಲ ಪಕ್ಕದ ಗೋಡೆಗೆ ಸುರಕ್ಷತೆಯ ಹಳೇ ಚಿತ್ರಪಟವೊಂದು ತೂಗುತ್ತಿತ್ತು. ಭಾರ ಎತ್ತುವುದು ಹೇಗೆ, ಏಣಿ ಹತ್ತುವುದು ಹೇಗೆ ಎಂದು ಅದರಲ್ಲೊಬ್ಬ ಕಾರ್ಮಿಕ ವರ್ಷಗಳಿಂದ ತೋರಿಸುತ್ತಿದ್ದ. ಗೋಡೆಯ ತೇವ ಅವನ ಮೂಗನ್ನು ತಿಂದುಹಾಕಿತ್ತು. ಬೆಳಗ್ಗೆ ಒಂಬತ್ತಕ್ಕೆ ಒಳಬಂದ ಪೈಪಣ್ಣನಿಗೆ ಅಯ್ಯೋ ಪಾಪ ಅನ್ನಿಸಿತು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಎರಡು ಗೆರೆ ಎಳೆದ. ಆಶ್ಚರ್ಯವೆಂದರೆ ಮೂಗು ಮೂಗಿನ ಹಾಗೇ ಬಂತು.

"ಯಾರ್ರೀ ಇದನ್ನ ಬರೆದಿದ್ದು?"

ಬೆನ್ನ ಹಿಂದೆ ಸಾಹೇಬರು. ಕಾರ್ಖಾನೆಯ ಮ್ಯಾನೇಜರು. ಮುಖ್ಯವಾದ ಮಾತನ್ನೆಲ್ಲ ಮೂರು ಸಲ ಹೇಳುವುದು ಅವರ ರೂಢಿ. ಒಂದು ಸಲ ಎದುರಿನವರಿಗೆ ಕೇಳಿಸಲಿಕ್ಕೆ, ಇನ್ನೊಂದು ಸಲ ಅರ್ಥವಾಗಲಿಕ್ಕೆ, ಮೂರನೆಯದು ಹೆದರಿಕೆಯಾಗಲಿಕ್ಕೆ.

"ನಾನೇ ಸಾರ್. ಮೂಗಿರಲಿಲ್ಲ, ಅದಕ್ಕೇ..."

"ಭೇಷ್, ಭೇಷ್, ಭೇಷ್! ಅಂದ್ರೆ ನಿಮಗೆ ಮನುಷ್ಯರನ್ನ ಬರೆಯೋಕೆ ಬರುತ್ತೆ!"

ಇಲ್ಲ ಅನ್ನಬೇಕಾಗಿತ್ತು. ಏಕೆಂದರೆ ಇಪ್ಪತ್ತೆರಡು ವರ್ಷಗಳಿಂದ ಕಾರ್ಖಾನೆಯ ನಕ್ಷೆಗಾರನಾಗಿ ಅವನು ಬರೆದದ್ದು ಬರೀ ಪೈಪು. ನೆಟ್ಟನೆ ಪೈಪು, ಬಗ್ಗಿದ ಪೈಪು, ಕವಲೊಡೆದ ಪೈಪು. ಅವನ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು. ಆದರೆ ಆರು ತಿಂಗಳ ಹಿಂದೆ ಕಚೇರಿಗೆ ಕಂಪ್ಯೂಟರು ಬಂದಿತ್ತು. ಪೈಪಣ್ಣ ಒಂದು ಪೆನ್ಸಿಲ್ ಚೂಪು ಮಾಡುವಷ್ಟರಲ್ಲಿ ಅದು ನಲವತ್ತು ಪೈಪು ಬರೆದು, ಇನ್ನೇನು ಅಂತ ಕೇಳುತ್ತಿತ್ತು. ಅಂದಿನಿಂದ ಕಿಟಕಿ ಪಕ್ಕದ ಅವನ ಕುರ್ಚಿ ಅಲ್ಲಾಡುತ್ತಿತ್ತು. ಎಡಗಡೆಯಿಂದ ಬೆಳಕು, ಬಲಗಡೆಯಿಂದ ಗಾಳಿ, ಬೇಸರವಾದರೆ ನೋಡಲು ಒಂದು ಬೀದಿ. ಆ ಕುರ್ಚಿ ಬಿಟ್ಟರೆ ಉಳಿದ ಜಾಗ ನೆಲಮಾಳಿಗೆಯ ಗೋಡೌನು. ಅಲ್ಲಿ ಒಂದೇ ಬಲ್ಬು, ಕಿಟಕಿಯೇ ಇಲ್ಲ, ಉಸಿರೆಳೆದರೆ ಗ್ರೀಸು. ಹಿಂದೆ ಅಲ್ಲಿಗೆ ಇಳಿದಿದ್ದವನು ಮೇಲೆ ಬಂದದ್ದು ನಿವೃತ್ತಿಯ ದಿನ, ಅದೂ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು.

"ಬರುತ್ತೆ ಸಾರ್," ಅಂದುಬಿಟ್ಟ ಪೈಪಣ್ಣ.

"ನಾಳೆ ಹತ್ತು ಗಂಟೆಗೆ ಸುರಕ್ಷತೆ ತನಿಖೆಯವರು ಬರ್ತಾರೆ. ಈ ಕೊಳೆತ ಪಟ ನೋಡಿದ್ರೆ ನನ್ನ ಮಾನ ಹೋಗುತ್ತೆ. ನಿಂತಿರೋದು, ಕೂತಿರೋದು, ಬಗ್ಗೋದು, ಎತ್ತೋದು, ತಳ್ಳೋದು, ಏಣಿ ಹತ್ತೋದು. ಆರು ಭಂಗಿ, ಸಂಜೆ ಐದಕ್ಕೆ ನನ್ನ ಟೇಬಲ್ ಮೇಲಿರ್ಬೇಕು. ಕೊಟ್ರೆ ಕುರ್ಚಿ ರಿಟೈರ್ ಆಗೋವರೆಗೂ ನಿಮ್ಮದೇ. ಇಲ್ಲಾಂದ್ರೆ ಗೋಡೌನು, ಗೋಡೌನು, ಗೋಡೌನು."

ಅದು ಮೆಟ್ಟಿಲಿಳಿದು ನೆಲಮಾಳಿಗೆ ಸೇರಿದ ಹಾಗೆ ಕೇಳಿಸಿತು.

ಸುದ್ದಿಯನ್ನು ಕಚೇರಿಗೆಲ್ಲ ಹಂಚಿದವಳು ಟಪಾಲು ಅಕ್ಕ. ಬಂದ ಕಾಗದಕ್ಕೂ ಹೋಗುವ ಕಾಗದಕ್ಕೂ ಸೀಲು ಒತ್ತುವುದು ಅವಳ ಕೆಲಸ, ಉಳಿದವರ ಕೆಲಸವೆಲ್ಲ ಅವಳ ಹವ್ಯಾಸ. ಡ್ರಾಯರಿನಿಂದ ಮಗನ ಪುಸ್ತಕವೊಂದನ್ನು ತೆಗೆದಳು. 'ಮನುಷ್ಯಾಕೃತಿ ಬಿಡಿಸಲು ಕಲಿಯಿರಿ.'

"ಹತ್ತು ವರ್ಷದ ಮಕ್ಕಳಿಗೇ ಬರುತ್ತಂತೆ, ನಿನಗೆ ಬರಲ್ವಾ? ಹೆದರ್ಬೇಡ ಕಣಯ್ಯ, ನಾನಿದೀನಿ."

ಅದೇ ಹೆದರಿಕೆಯ ವಿಷಯವಾಗಿತ್ತು.

ಮೊದಲ ಪುಟ ನೋಡಿ ಪೈಪಣ್ಣನ ಮುಖ ಅರಳಿತು. ಮನುಷ್ಯನ ಎತ್ತರವೆಂದರೆ ಅವನ ತಲೆಯ ಏಳೂವರೆಯಷ್ಟು ಎಂದು ಬರೆದಿತ್ತು. ಅಂತೂ ಮನುಷ್ಯನಿಗೂ ಒಂದು ಅಳತೆ ಇದೆ! ಪೈಪಿನ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ಗೇಟಿಗೆ ಹೋಗಿ ವಾಚ್‌ಮನ್ ತಾತನನ್ನು ಕರೆತಂದ. ನಿಂತೇ ಸಂಬಳ ತೆಗೆದುಕೊಳ್ಳುವವನಿಗೆ ನಿಲ್ಲುವ ಭಂಗಿ ಹೇಳಿಕೊಡಬೇಕಾಗಿಲ್ಲ ಎಂಬುದು ಅವನ ಲೆಕ್ಕಾಚಾರ.

ಕ್ಯಾಲಿಪರಿನ ಎರಡು ದವಡೆ ನೆತ್ತಿಗೂ ಗದ್ದಕ್ಕೂ ಕೂತಾಗ ತಾತ ಕಣ್ಣು ಬಿಟ್ಟ.

"ಟೋಪಿ ಸೇರಿಸಿ ಅಳೀಲೋ, ಬಿಟ್ಟು ಅಳೀಲೋ ತಾತ?"

"ಟೋಪಿ ಕಂಪೆನಿದು, ತಲೆ ನಂದು. ನೋಡಿ ಮಾಡಪ್ಪ."

ಪೈಪಣ್ಣ ಅಳೆದ, ಭಾಗಿಸಿದ, ಹುಬ್ಬು ಗಂಟಿಕ್ಕಿದ. "ನೀವು ಆರೂಕಾಲೇ ಬರ್ತೀರಿ ತಾತ. ಒಂದೂಕಾಲು ತಲೆ ಕಮ್ಮಿ ಇದೆ."

"ಇರೋ ಒಂದನ್ನೇ ನಮ್ಮನೆಯವಳು ದಿನಾ ತಿಂತಾಳೆ. ಏಳೂವರೆ ಇದ್ದಿದ್ರೆ ಅವಳಿಗೆ ಅಜೀರ್ಣ ಆಗ್ತಿತ್ತು."

ಎರಡನೆಯ ಪುಟ ಪೈಪಣ್ಣನ ಕೈ ಕಟ್ಟಿತು. 'ಸ್ಕೇಲು ಮುಟ್ಟಬೇಡಿ. ಮೈಯ ಓಟವನ್ನು ಒಂದೇ ಗೆರೆಯಲ್ಲಿ ಹಿಡಿಯಿರಿ.' ಸ್ಕೇಲಿಲ್ಲದ ಪೈಪಣ್ಣನೆಂದರೆ ಕೋಲಿಲ್ಲದ ಕುಂಟ. ಗೆರೆ ಅತ್ತ ಹೋಯಿತು, ಇತ್ತ ಬಂತು, ನಡುವೆ ಒಮ್ಮೆ ದಾರಿ ತಪ್ಪಿ ಸುಸ್ತಾಗಿ ಕೂತಿತು. ಟಪಾಲು ಅಕ್ಕ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಇದು ತಾತನಾ, ಹಿಂಡಿ ಒಣಹಾಕಿದ ಪ್ಯಾಂಟಾ?"

ತಾತನೂ ನೋಡಿದ. "ಪ್ಯಾಂಟೇ. ಆದ್ರೆ ನಂದಲ್ಲ."

ಕೂರುವ ಭಂಗಿಯ ಕಥೆ ಇನ್ನೊಂದು. ಕುರ್ಚಿಯಲ್ಲಿ ಕೂರಿಸಿದ ಎರಡನೇ ನಿಮಿಷಕ್ಕೆ ತಾತ ಗೊರಕೆ ಶುರುಮಾಡಿದ. ಕತ್ತು ಎಡಕ್ಕೆ ವಾಲಿತು. ಪೈಪಣ್ಣ ಎಡಕ್ಕೆ ವಾಲಿದ ಕತ್ತು ಬರೆದ. ಅಷ್ಟರಲ್ಲಿ ಅದು ಬಲಕ್ಕೆ ವಾಲಿತ್ತು. ಅಳಿಸಿ ಬಲಕ್ಕೆ ಬರೆದರೆ ತಾತ ಎದ್ದು ಕೂತು, "ಯಾರದು, ಗೇಟ್ ಪಾಸ್ ಎಲ್ಲಿ?" ಅಂದ. ಹನ್ನೆರಡು ಗಂಟೆಗೆ ಪೈಪಣ್ಣನ ಬಳಿ ಇದ್ದದ್ದು ಎರಡು ಒದ್ದೆ ಪ್ಯಾಂಟು ಮತ್ತು ಅರ್ಧ ಸವೆದ ರಬ್ಬರು.

ಪುಸ್ತಕ ಮುಚ್ಚಿಟ್ಟ. ಸ್ಕೇಲು ಎತ್ತಿಕೊಂಡ.

ಕೈ ತಟ್ಟನೆ ತನ್ನ ಊರಿಗೆ ಬಂದವನ ಹಾಗೆ ಓಡಾಡತೊಡಗಿತು. ತೋಳೆಂದರೆ ಒಂದೂವರೆ ಇಂಚಿನ ಪೈಪು. ಭುಜವೆಂದರೆ ಮೂರು ಬಾಯಿಯ ಕೂಡುಕೊಳವೆ. ದಪ್ಪ ಮೈಗೂ ಸಣ್ಣ ತಲೆಗೂ ನಂಟು ಹಾಕಲು ಕತ್ತಿನ ಜಾಗದಲ್ಲೊಂದು ರೆಡ್ಯೂಸರು. ಮೊಣಕೈಗಂತೂ ಯೋಚಿಸುವುದೇ ಬೇಕಾಗಲಿಲ್ಲ, ಪೈಪಿನವರು ಮೊದಲಿನಿಂದಲೂ ಅದನ್ನು ಎಲ್ಬೋ ಅಂತಲೇ ಕರೆಯುತ್ತಾರೆ. ದೇವರು ಸೃಷ್ಟಿಗೆ ಕೈಹಾಕುವ ಮುಂಚೆ ಪ್ಲಂಬರನಾಗಿದ್ದಿರಬೇಕು ಅನ್ನಿಸಿತು ಪೈಪಣ್ಣನಿಗೆ. ಒಂದು ಕಡೆಯಿಂದ ಬರೆದರೆ ಅವನ ಕಸುಬಿನಲ್ಲಿ ಅದು ಚಿತ್ರವೇ ಅಲ್ಲ. ಹಾಗಾಗಿ ತಾತನನ್ನು ಎದುರಿನಿಂದ ಬರೆದ, ಪಕ್ಕದಿಂದ ಬರೆದ, ಮೇಲಿನಿಂದಲೂ ಬರೆದ. ಮೇಲಿನಿಂದ ತಾತ ಎರಡು ಕಿವಿಯಿರುವ ಒಂದು ಸೊನ್ನೆ.

ಬಗ್ಗುವುದು, ಎತ್ತುವುದು ಸರಸರನೆ ಮುಗಿದವು. ತಳ್ಳುವ ಭಂಗಿಗೆ ಟಪಾಲು ಅಕ್ಕ ಸಲಹೆ ಕೊಟ್ಟಳು.

"ಸುಮ್ನೆ ಗಾಳಿ ತಳ್ಳಿದ್ರೆ ಜೋರು ಹೇಗೆ ಕಾಣ್ಸುತ್ತೆ? ಆ ಕಬ್ಬಿಣದ ಬೀರು ತಳ್ಳಿಸು."

ತಾತ ತಳ್ಳಿದ. ಬೀರು ಆತ ಎಣಿಸಿದ್ದಕ್ಕಿಂತ ವಿಧೇಯವಾಗಿತ್ತು. ಕಿರ್ರೆಂದು ಜಾರಿ ಸಾಹೇಬರ ಕೋಣೆಯ ಬಾಗಿಲಿಗೆ ಅಂಟಿಕೊಂಡು ನಿಂತಿತು.

"ಹಾಗೇ ಇರಿ ತಾತ! ಅಲ್ಲಾಡ್ಬೇಡಿ!" ಪೈಪಣ್ಣ ಸ್ಕೇಲು ಓಡಿಸಿದ.

ಬಾಗಿಲ ಹಿಂದೆ ಬಡಿತ ಕೇಳಿಸಿತು. "ಯಾರ್ರೀ ಅದು? ತೆಗೀರಿ! ತೆಗೀರಿ! ತೆಗೀರಿ!"

"ಮೊಣಕೈ ಬರ್ತಾ ಇದೆ, ಒಂದೇ ನಿಮಿಷ..."

ಟಪಾಲು ಅಕ್ಕ ಬೀರುವಿನ ಸಂದಿಗೆ ಬಾಯಿಟ್ಟು ಹೇಳಿದಳು: "ಸಾರ್, ನೀವು ಹೇಳಿದ ತಳ್ಳೋ ಭಂಗಿ ನಡೀತಾ ಇದೆ. ಇನ್ನು ಕಾಲು ಮಾತ್ರ ಬಾಕಿ."

"ಊಟ! ಊಟ! ಊಟ!" ಎಂದಿತು ಬಾಗಿಲು.

ತಳ್ಳಿದ್ದನ್ನು ಎಳೆಯಲು ನಾಲ್ಕು ಜನ ಬೇಕಾಯಿತು. ಹೊರಬಂದ ಸಾಹೇಬರು ಪೈಪಣ್ಣನನ್ನು ನೋಡಿದ ನೋಟದಲ್ಲಿ ಗೋಡೌನಿನ ಬಲ್ಬು ಕಾಣಿಸಿತು. ಏಣಿ ಹತ್ತುವ ಭಂಗಿಗೆ ತಾತ ಮೂರನೇ ಮೆಟ್ಟಿಲಲ್ಲಿ ಅರ್ಧ ಗಂಟೆ ನಿಂತು, ಇಳಿಯುವಾಗ ಕಾಲು ಜೋಮು ಹಿಡಿದು, ಇಬ್ಬರ ಹೆಗಲ ಮೇಲೆ ಗೇಟಿಗೆ ಮರಳಿದ. ಎರಡೂವರೆಗೆ ಆರು ಹಾಳೆಯೂ ಮುಗಿದವು. ಪೈಪಣ್ಣ ಪ್ರತಿ ಹಾಳೆಯ ಮೂಲೆಗೂ ಸಹಿ ಹಾಕಿ, ಬಲಗಡೆಯ ಟ್ರೇಯಲ್ಲಿಟ್ಟು, ಎದೆಯುಬ್ಬಿಸಿಕೊಂಡು ಕೈತೊಳೆಯಲು ಹೋದ.

ಬುತ್ತಿ ಮುಗಿಸಿ ಬಂದಾಗ ಟ್ರೇ ಖಾಲಿ.

"ಅಕ್ಕಾ! ನನ್ನ ಚಿತ್ರಗಳೆಲ್ಲಿ?"

"ಬಲಗಡೆ ಟ್ರೇನಲ್ಲಿದ್ದದ್ದಾ? 'ಜರೂರು' ಸೀಲು ಒತ್ತಿ ವರ್ಕ್‌ಶಾಪಿಗೆ ಕಳಿಸ್ದೆ."

"ಬೆಳಗ್ಗಿಂದ ಪಕ್ಕದಲ್ಲೇ ಇದ್ರಲ್ಲಾ! ನೋಡ್ಬಾರ್ದಿತ್ತಾ?"

"ನೋಡಿ ಸೀಲು ಒತ್ತೋಕೆ ನಾನೇನು ಹೊಸಬಳಾ? ಆ ಟ್ರೇನಲ್ಲಿ ನನ್ನ ಮಗನ ಮಾರ್ಕ್ಸ್ ಕಾರ್ಡ್ ಇದ್ರೂ ವರ್ಕ್‌ಶಾಪಿಗೇ ಹೋಗೋದು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಇಡ್ತಿರೋನು ನೀನು."

ನಿಜ. ಇಟ್ಟವನು ಪೈಪಣ್ಣನಲ್ಲ, ಅವನ ಕೈ. ಆ ಕೈಗೆ ಬೇರೆ ದಾರಿಯೇ ಗೊತ್ತಿರಲಿಲ್ಲ.

ವರ್ಕ್‌ಶಾಪಿನಲ್ಲಿ ಫಿಟ್ಟರ್ ಮೇಸ್ತ್ರಿ ಹಾಳೆಗಳನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ. ನಿಂತಿದ್ದವನ ಹೊಟ್ಟೆಯಲ್ಲಿ ತೂತು. ಏಣಿಯವನ ಮೈಮೇಲೆ ಟೀ ಲೋಟದ ಉಂಗುರ. ಉಳಿದವರಿಗೆಲ್ಲ ಗ್ರೀಸಿನ ಹೆಬ್ಬೆಟ್ಟು. ಕೂತಿರುವವನು ಎಲ್ಲಕ್ಕಿಂತ ಮೇಲಿದ್ದದ್ದರಿಂದ ಅವನಿಗೆ ಆಗಲೇ ಪೈಪು ಕತ್ತರಿಸಲು ಶುರುವಾಗಿತ್ತು.

"ಬನ್ನಿ ಸ್ವಾಮಿ, ಒಳ್ಳೇ ಹೊತ್ತಿಗೆ ಬಂದ್ರಿ. ಏನು ಪಂಪಿದು? ನೀರು ಎಲ್ಲಿಂದ ಒಳಗೆ ಹೋಗುತ್ತೆ, ಎಲ್ಲಿಂದ ಹೊರಗೆ ಬರುತ್ತೆ?"

"ಪಂಪಲ್ಲ ಮೇಸ್ತ್ರಿ. ಅದು ವಾಚ್‌ಮನ್ ತಾತ!"

ಮೇಸ್ತ್ರಿ ಕನ್ನಡಕ ಏರಿಸಿ ನೋಡಿದ. "ಹೌದಲ್ವಾ! ಕಿವಿ ಅವನದೇ."

"ಹಾಳೆ ಕೊಟ್ಬಿಡಿ. ಐದಕ್ಕೆ ಸಾಹೇಬರಿಗೆ ಒಪ್ಪಿಸ್ಬೇಕು. ನನ್ನ ಕುರ್ಚಿ ಹೋಗುತ್ತೆ ಮೇಸ್ತ್ರಿ."

"ಸಹಿ ನಿಮ್ಮದು, ಸೀಲು ಕಚೇರಿದು. ಕೆಲಸ ಮುಗಿಯೋವರೆಗೂ ಹಾಳೆ ಗೋಡೆ ಬಿಟ್ಟು ಇಳಿಯೋ ಹಾಗಿಲ್ಲ. ಈ ಕಾಯಿದೆ ಮಾಡ್ಸಿದ್ದೂ ನೀವೇ, ಹೋದ ವರ್ಷ ಹಾಳೆ ಕಳೆದಾಗ. ಮರೆತ್ರಾ?"

ಪೈಪಣ್ಣ ಗೇಟಿಗೆ ಓಡಿದ. ತಾತನ ಗೂಡಿನೊಳಗೆ ಕೂತು, ಮೊದಲಿನಿಂದ ಶುರುಮಾಡಿದ. ಸ್ಕೇಲು ಮೇಲೆ ಮೇಜಿನಲ್ಲೇ ಉಳಿದಿತ್ತು.

"ಒಂದೇ ಒಂದು ಸಲ ಬಗ್ಗಿ ತಾತ."

"ಬಗ್ಗಿದ್ರೆ ನಾನು ಏಳಲ್ಲ. ಎದ್ರೆ ನಿನ್ನ ಬಿಡಲ್ಲ."

ಐದು ಗಂಟೆಯ ಸೈರನ್ ಆದಾಗ ಅವನ ಕೈಯಲ್ಲಿದ್ದದ್ದು ಒಂದೇ ಚಿತ್ರ. ಒದ್ದೆ ಪ್ಯಾಂಟು. ಅದನ್ನೇ ಸುರುಳಿ ಸುತ್ತಿ, ಬಾಯಲ್ಲಿ ಕ್ಷಮೆಯನ್ನು ಅಭ್ಯಾಸ ಮಾಡುತ್ತ ಮೆಟ್ಟಿಲು ಹತ್ತಿದ. ಸಾಹೇಬರ ಕೋಣೆ ಖಾಲಿಯಿತ್ತು. ಗದ್ದಲವೆಲ್ಲ ಪೈಪಣ್ಣನ ಕುರ್ಚಿಯಿದ್ದ ಕೋಣೆಯಿಂದಲೇ ಬರುತ್ತಿತ್ತು.

ಒಳಗೆ ಕಾಲಿಟ್ಟವನನ್ನು ಸಾಹೇಬರು ಓಡಿಬಂದು ಅಪ್ಪಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅವನ ಕೈಯನ್ನೂ ಕುಲುಕಿರಲಿಲ್ಲ.

"ಅದ್ಭುತ! ಅದ್ಭುತ! ಅದ್ಭುತ! ನಾನು ಚಿತ್ರ ಕೇಳ್ದೆ, ನೀವು ಆಳನ್ನೇ ಕೊಟ್ರಿ! ಏನ್ರೀ ಆ ಬೆನ್ನು! ಯಾವ ಚಿತ್ರಗಾರ ಬರೆದ್ರೂ ಬೆನ್ನು ಒಂಚೂರು ಬಗ್ಗಿರುತ್ತೆ. ಇದು ಬಗ್ಗಿಸಿದ್ರೂ ಬಗ್ಗಲ್ಲ. ತನಿಖೆಯವರು ಕಣ್ಣಿಗೆ ಒತ್ಕೋತಾರೆ."

ಪೈಪಣ್ಣನ ಎದೆಯಿಂದ ಬೀರುವೊಂದು ಸರಿದ ಹಾಗಾಯಿತು. "ಹಾಗಾದ್ರೆ ಸಾರ್, ಕುರ್ಚಿ..."

"ಕುರ್ಚಿ ಗಟ್ಟಿ ಆಯ್ತು! ಬನ್ನಿ, ನೋಡ್ಬನ್ನಿ."

ಜನ ಪಕ್ಕಕ್ಕೆ ಸರಿದರು.

ಕಿಟಕಿ ಪಕ್ಕದ ಕುರ್ಚಿಯಲ್ಲಿ ಪೈಪಿನ ಮನುಷ್ಯ ಕೂತಿದ್ದ. ಬೆನ್ನು ನೆಟ್ಟಗೆ, ಪಾದ ನೆಲಕ್ಕೆ, ಕೈ ಮೇಜಿನ ಮೇಲೆ. ಎರಡು ನಟ್ಟಿನ ಕಣ್ಣುಗಳಿಂದ ಬೀದಿ ನೋಡುತ್ತಿದ್ದ. ಎಡಗಡೆಯಿಂದ ಸಂಜೆಯ ಬೆಳಕು ಅವನ ಕೆನ್ನೆಗೆ ಚೆನ್ನಾಗಿ ಬಿದ್ದಿತ್ತು.

"ಕೆಲಸದ ಜಾಗದಲ್ಲಿ ಸರಿಯಾಗಿ ಕೂರೋದು ಹೇಗೆ ಅಂತ ಕೆಲಸದ ಜಾಗದಲ್ಲೇ ತೋರಿಸ್ಬೇಕು ಅಲ್ವಾ? ಅಲ್ಲಾಡ್ಬಾರ್ದು ಅಂತ ಕುರ್ಚಿಗೇ ಬೋಲ್ಟ್ ಹಾಕ್ಸಿದೀನಿ."

"ಎಷ್ಟು ದಿನ ಸಾರ್?"

"ಪರ್ಮನೆಂಟು, ಪರ್ಮನೆಂಟು, ಪರ್ಮನೆಂಟು."

"ಮತ್ತೆ... ನಾನು?"

"ನಿಮಗೆ ಕೈತುಂಬ ಕೆಲಸ ಇದೆಯಲ್ರೀ! ಬೆಳಗಾಗೋದ್ರೊಳಗೆ ಇನ್ನೂ ಐದು ಜನ ಆಗ್ಬೇಕು. ಗೋಡೌನಿನಲ್ಲಿ ಪೈಪು ಆರಿಸಿಕೊಡೋಕೆ ನಿಮ್ಮಷ್ಟು ತಿಳಿದೋರು ಯಾರಿದ್ದಾರೆ? ಇನ್ಮೇಲೆ ಅಲ್ಲೇ ಇರಿ."

ಟಪಾಲು ಅಕ್ಕ ಆಗಲೇ ವರ್ಗಾವಣೆಯ ಕಾಗದಕ್ಕೆ ಸೀಲು ಒತ್ತುತ್ತಿದ್ದಳು. ಈ ಸಲ ನೋಡಿಯೇ ಒತ್ತಿದಳು.

ಒಂದೇ ಬಲ್ಬಿನ ಬೆಳಕಿನಲ್ಲಿ ಪೈಪಣ್ಣ ಪೈಪುಗಳ ರಾಶಿಯ ಮುಂದೆ ನಿಂತ. ತೋಳಿಗೆ ಬೇಕಾದ ಒಂದೂವರೆ ಇಂಚಿನದು ಅಡಿಯಲ್ಲೆಲ್ಲೋ ಇತ್ತು. ನಿಟ್ಟುಸಿರು ಬಿಟ್ಟು, ಬಗ್ಗಿ, ಎರಡು ಕೈಯಲ್ಲೂ ಹಿಡಿದು ಎಳೆದ. ಬಾಗಿಲಲ್ಲಿ ಕಾಯುತ್ತಿದ್ದ ಫಿಟ್ಟರ್ ಮೇಸ್ತ್ರಿ ಸಾಹೇಬರ ಅಪ್ಪಣೆಯಿಂದ ಗೋಡೆ ಬಿಟ್ಟಿಳಿದ, ಗ್ರೀಸು ಮೆತ್ತಿದ 'ಎತ್ತುವ ಭಂಗಿ'ಯ ಹಾಳೆಯನ್ನು ಮೇಲೆ ಹಿಡಿದು ಕೂಗಿದ.

"ಅಯ್ಯಯ್ಯೋ, ಸೊಂಟ ಬಗ್ಗಿಸ್ಬೇಡಿ ಸ್ವಾಮಿ, ಮಂಡಿ ಬಗ್ಗಿಸಿ! ಯಾರೋ ಪುಣ್ಯಾತ್ಮರು ಇಷ್ಟು ಚೆನ್ನಾಗಿ ಬರೆದಿಟ್ಟಿದ್ದಾರೆ, ನೋಡ್ಕೊಂಡು ಎತ್ತಬಾರ್ದಾ?"